ಪರದೇಶದ ಪೌರತ್ವ: ಐದು ವರ್ಷಗಳ ಲೆಕ್ಕ

ಬಾಲ್ಯದಲ್ಲಿ ನಮಗೆ ಪಾಠಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಉಪಾಧ್ಯಾಯರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ದಯಮಾಡಿಸಿದ್ದರು. ವಯಸ್ಸು ಎಂಬತ್ತನ್ನು ಸಮೀಪಿಸಿದ್ದರೂ ಅವರಿಗೆ ಕಣ್ಣಾಗಲಿ ಕಿವಿಯಾಗಲಿ ಇನ್ನೂ ಮೋಸ ಮಾಡಿಲ್ಲ. ತಪ್ಪು ಲೆಕ್ಕವನ್ನು ಕಂಡರೆ ಬರುವ ಸಿಟ್ಟೂ ಕಡಿಮೆಯಾಗಿಲ್ಲ. ಕುಳಿತೊಡನೆಯೇ ಕೈಚೀಲದಿಂದ ಒಂದು ಕಾಗದವನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟರು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವ ಅವರ ಏಕಮಾತ್ರ ಪುತ್ರನು ಬರೆದುದು. ತನ್ನ ಪೌರತ್ವದ ಅರ್ಜಿಯು ಮಂಜೂರಾಯಿತೆಂದೂ, ಬರುವ ತಿಂಗಳು ಪ್ರಮಾಣವಚನವೆಂದೂ, ಅದಾದ ಮೇಲೆ ತಾನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲವೆಂದೂ, ತಂದೆಯವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದೂ ಅದರಲ್ಲಿತ್ತು.

"ಏನಯ್ಯ, ಪತ್ರಿಕೆ ನಡೆಸುವವನು ನೀನು. ನನ್ನ ಮೂರು ಪ್ರಶ್ನೆಗೆ ಉತ್ತರ ಹೇಳು" ಎಂದರು ಗುರುಗಳು. "ಅಲ್ಲಿ ಐದು ವರ್ಷ ವಾಸವಾಗಿದ್ದರೆ ಪೌರತ್ವ ಕೊಡುತ್ತಾರೆಂದು ಊರೆಲ್ಲ ಹೇಳುತ್ತದೆ. ಇವನು ಹೋದದ್ದು 2004ರಲ್ಲಿ. ಈ ಐದು ಯಾವ ಮಗ್ಗಿಯ ಐದು? ಎರಡನೆಯದು, ನನ್ನ ಎರಡೆಕರೆ ಗದ್ದೆ ಇನ್ನು ಅವನಿಗೆ ಸಲ್ಲುತ್ತದೆಯೋ ಇಲ್ಲವೋ? ಮೂರನೆಯದನ್ನು ಆಮೇಲೆ ಕೇಳುತ್ತೇನೆ."

ಆ ದಿನ ನಾವು ಸರಿಯಾದ ಉತ್ತರ ಕೊಡಲಾರದೆ ಹೋದೆವು. ವಾರದ ಅವಧಿಯನ್ನು ಬೇಡಿ, ಶಾಸನಗಳನ್ನೂ ಹಳೆಯ ವ್ಯಾಜ್ಯಗಳ ತೀರ್ಪುಗಳನ್ನೂ ಓದಿ ನೋಡಿದೆವು. ಇಂಥ ತಂದೆತಾಯಿಗಳು ನಮ್ಮ ವಾಚಕರಲ್ಲಿ ಹಲವರಿರುವುದರಿಂದ, ಗುರುಗಳಿಗೆ ಹೇಳಬೇಕಾದುದನ್ನು ಇಲ್ಲಿಯೇ ಹೇಳುವುದು ಯುಕ್ತವೆಂದು ಭಾವಿಸಿದ್ದೇವೆ.

ಐದು ವರ್ಷವೆಂಬ ಈ ಅಂಕೆಯು ಇಂದು ನಿನ್ನೆಯದಲ್ಲ. ಅಮೆರಿಕದವರು ಆಂಗ್ಲರ ನೊಗವನ್ನು ಕಿತ್ತೊಗೆದು ತಮ್ಮ ರಾಜ್ಯಾಂಗವನ್ನು ರಚಿಸಿಕೊಂಡ ಹೊಸತರಲ್ಲಿ, 1790ನೆಯ ಇಸವಿಯಲ್ಲಿ, ಪರದೇಶೀಯರಿಗೆ ಪೌರತ್ವವನ್ನು ಕೊಡುವ ಮೊದಲ ಶಾಸನವಾಯಿತು. ಆಗ ಎರಡು ವರ್ಷ ವಾಸವಾಗಿದ್ದರೆ ಸಾಕಾಗಿತ್ತು. 1795ರಲ್ಲಿ ಅದು ಐದಾಯಿತು. 1798ರಲ್ಲಿ ಫ್ರಾನ್ಸಿನ ಭಯದಿಂದ ಹದಿನಾಲ್ಕಾಯಿತು. 1802ರಲ್ಲಿ ತಿರುಗಿ ಐದಕ್ಕೆ ಇಳಿಯಿತು. ಅಂದಿನಿಂದ ಇಂದಿನವರೆಗೆ ಸಾಮಾನ್ಯ ನಿಯಮ ಅದೇ. ಆದರೆ 1790ರ ಶಾಸನದಲ್ಲಿ ವರ್ಷಗಳ ಜತೆಗೆ ಇನ್ನೊಂದು ಮಾತಿದ್ದಿತು: ಅರ್ಜಿದಾರನು ಸ್ವತಂತ್ರನಾದ ಬಿಳಿಯ ಮನುಷ್ಯನಾಗಿರಬೇಕು. ಅಂತರ್ಯುದ್ಧವು ಮುಗಿದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರಿಗೂ ಈ ಬಾಗಿಲು ತೆರೆಯಲ್ಪಟ್ಟಿತು. ನಡುವೆ ಉಳಿದ ಏಷ್ಯಾ ಖಂಡದವರು ಕರಿಯರೂ ಅಲ್ಲ ಬಿಳಿಯರೂ ಅಲ್ಲವೆಂದು ಹೊರಗೇ ನಿಂತರು.

ಈ ಬಾಗಿಲನ್ನು ತಟ್ಟಿದ ಭಾರತೀಯರ ಪೈಕಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರ ವೃತ್ತಾಂತವನ್ನು ನಮ್ಮ ತರುಣರು ತಿಳಿದಿರಬೇಕು. ಅವರು 1913ರಲ್ಲಿ ಅಮೆರಿಕಕ್ಕೆ ಹೋಗಿ, ಮರದ ಕಾರ್ಖಾನೆಯಲ್ಲಿ ದುಡಿದು, 1918ರಲ್ಲಿ ಅಲ್ಲಿಯ ಸೈನ್ಯವನ್ನು ಸೇರಿದರು. ತಲೆಯ ಪೇಟವನ್ನು ತೆಗೆಯದೆಯೇ ಸಮವಸ್ತ್ರ ಧರಿಸಿದರು. ಆ ವರ್ಷವೇ ಪೌರತ್ವ ದೊರೆತು ನಾಲ್ಕೇ ದಿನಗಳಲ್ಲಿ ಕಸಿದುಕೊಳ್ಳಲ್ಪಟ್ಟಿತು. 1920ರಲ್ಲಿ ಆರಿಗನ್ ಪ್ರಾಂತದ ನ್ಯಾಯಸ್ಥಾನವು ಮತ್ತೊಮ್ಮೆ ಕೊಟ್ಟಿತು. ಸರ್ಕಾರದವರು ಬಿಡದೆ ಸರ್ವೋಚ್ಚ ನ್ಯಾಯಸ್ಥಾನದವರೆಗೆ ಎಳೆದರು. 1923ನೆಯ ಫೆಬ್ರವರಿ 19ರಂದು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡರು ತೀರ್ಪು ಹೇಳಿದರು. ಮೂರೇ ತಿಂಗಳ ಹಿಂದೆ, ಒಜಾವಾ ಎಂಬ ಜಪಾನೀಯರ ಮೊಕದ್ದಮೆಯಲ್ಲಿ ಇದೇ ನ್ಯಾಯಮೂರ್ತಿಗಳು, ಬಿಳಿಯನೆಂದರೆ ಕಾಕೇಶಿಯನ್ ಕುಲದವನು, ಜಪಾನೀಯರು ಆ ಕುಲದವರಲ್ಲ, ಆದುದರಿಂದ ಅವರಿಗಿಲ್ಲ ಎಂದಿದ್ದರು. ಭಾರತದ ಉತ್ತರಭಾಗದವರನ್ನು ಅಂದಿನ ಶಾಸ್ತ್ರಜ್ಞರು ಕಾಕೇಶಿಯನರೆಂದೇ ಕರೆಯುತ್ತಿದ್ದರಾಗಿ ಥಿಂಡರು ಆ ವಾಕ್ಯವನ್ನೇ ಹಿಡಿದು ನ್ಯಾಯ ಕೇಳಿದರು. ಆಗ ನ್ಯಾಯಸ್ಥಾನವು ಶಾಸ್ತ್ರವನ್ನು ಬದಿಗಿಟ್ಟು, ಸಾಮಾನ್ಯ ಜನರು ಯಾರನ್ನು ಬಿಳಿಯರೆಂದು ತಿಳಿಯುವರೋ ಅವರೇ ಬಿಳಿಯರು, ಈತನು ಅಲ್ಲ, ಎಂದು ಅಪ್ಪಣೆ ಕೊಡಿಸಿತು. ಅಳತೆಗೋಲು ಮೂರು ತಿಂಗಳಲ್ಲಿ ಬದಲಾಯಿತು. ಉತ್ತರ ಮಾತ್ರ ಬದಲಾಗಲಿಲ್ಲ. ಸದರ್ಲೆಂಡರು ತಾವೇ ಇಂಗ್ಲೆಂಡಿನಲ್ಲಿ ಹುಟ್ಟಿ ಎಳವೆಯಲ್ಲಿ ವಲಸೆ ಹೋದವರೆಂಬುದನ್ನು ಇಲ್ಲಿ ಸೂಚಿಸಿದರೆ ಅಪರಾಧವಾಗಲಾರದು.

ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡಬಾರದು. ಥಿಂಡರ ಪರವಾಗಿ ಮಂಡಿಸಿದ ವಾದದಲ್ಲಿ, ತಾವು ಉಚ್ಚಕುಲದವರು, ಕೀಳುಜಾತಿಯವರೊಡನೆ ರಕ್ತಸಂಬಂಧ ಬೆಳೆಸದವರು ಎಂಬ ಹೆಮ್ಮೆಯನ್ನೂ ಸಾಕ್ಷ್ಯವಾಗಿ ಒಡ್ಡಲಾಗಿತ್ತು. ಪರರ ಮನೆಯ ಬಾಗಿಲಲ್ಲಿ ಸಮಾನತೆಯನ್ನು ಬೇಡುವವನು ತನ್ನ ಮನೆಯ ಅಸಮಾನತೆಯನ್ನು ಪ್ರಶಸ್ತಿಪತ್ರವಾಗಿ ಹಿಡಿದು ನಿಂತುದನ್ನು ಓದುವಾಗ ನಮಗೆ ನಾಚಿಕೆಯಾಯಿತು.

ತೀರ್ಪಿನ ಫಲವು ಥಿಂಡರೊಬ್ಬರಿಗೇ ತಟ್ಟಿದ್ದಲ್ಲ. ಅದಾಗಲೇ ಪೌರರಾಗಿದ್ದ ಹತ್ತಾರು ಮಂದಿ ಭಾರತೀಯರ ಪೌರತ್ವವನ್ನು ರದ್ದುಮಾಡಿಸಲು ಸರ್ಕಾರವು ವ್ಯಾಜ್ಯ ಹೂಡಿತು. ವೈಷ್ಣೋದಾಸ ಬಾಗಾಯಿ ಎಂಬವರು 1915ರಲ್ಲಿ ಹೆಂಡತಿ ಮಕ್ಕಳೊಡನೆ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೋಗಿ ಅಂಗಡಿ ಇಟ್ಟು, 1921ರಲ್ಲಿ ಪೌರರಾಗಿದ್ದರು. ಆಂಗ್ಲರ ಪ್ರಜೆಯಾಗಿರಲು ಮನಸ್ಸಿಲ್ಲದೆ ದೇಶ ಬಿಟ್ಟಿದ್ದವರು ಅವರು. ಪೌರತ್ವ ಹೋಯಿತು, ಪೌರತ್ವಕ್ಕೆ ಅನರ್ಹನಾದವನು ನೆಲವನ್ನು ಹೊಂದಕೂಡದೆಂಬ ಕ್ಯಾಲಿಫೋರ್ನಿಯಾ ಪ್ರಾಂತದ ಕಾನೂನು ಮೇಲೆ ಬಿದ್ದಿತು, ಸ್ವದೇಶಕ್ಕೆ ಒಮ್ಮೆ ಹೋಗಿಬರುತ್ತೇನೆಂದರೆ ಅಮೆರಿಕದ ರಹದಾರಿ ಇಲ್ಲ, ಬೇಕಿದ್ದರೆ ಬ್ರಿಟಿಷ್ ರಹದಾರಿ ಪಡೆಯೆಂಬ ಉತ್ತರ ಬಂದಿತು. 1928ರಲ್ಲಿ ಆ ಗೃಹಸ್ಥರು ಪತ್ರಗಳನ್ನು ಬರೆದಿಟ್ಟು ಪ್ರಾಣ ಕಳೆದುಕೊಂಡರು. ಅವುಗಳಲ್ಲೊಂದು ಪತ್ರಿಕೆಗೆ ಬರೆದುದು. ಅವರ ಪತ್ನಿ ಕಲಾ ಬಾಗಾಯಿಯವರು ಮೂವರು ಮಕ್ಕಳನ್ನು ಒಬ್ಬರೇ ಬೆಳೆಸಿದರು. ಬರ್ಕ್ಲಿ ಪಟ್ಟಣದ ಬೀದಿಯೊಂದಕ್ಕೆ ಈಚೆಗೆ ಆ ತಾಯಿಯ ಹೆಸರನ್ನಿಟ್ಟಿದ್ದಾರೆ. ಇನ್ನೊಬ್ಬರು, ವಕೀಲರಾದ ಸಖಾರಾಮ ಗಣೇಶ ಪಂಡಿತರು, ಒಮ್ಮೆ ನ್ಯಾಯಸ್ಥಾನವೇ ವಿಚಾರಿಸಿ ಕೊಟ್ಟುದನ್ನು ಮತ್ತೊಮ್ಮೆ ಕೆದಕಲಾಗದೆಂದು ವಾದಿಸಿ 1926ರಲ್ಲಿ ಗೆದ್ದರು. ಅದರಿಂದ ಉಳಿದ ಕೆಲವರ ಪೌರತ್ವವೂ ಉಳಿಯಿತು. ಥಿಂಡರಿಗೆ, ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆಂದು 1935ರಲ್ಲಿ ಆದ ಶಾಸನದ ಬಲದಿಂದ, ಮೂರನೆಯ ಸಲ 1936ರಲ್ಲಿ ದೊರೆಯಿತು.

ಭಾರತೀಯರೆಲ್ಲರಿಗೂ ಈ ಹಕ್ಕು ಬಂದುದು 1946ನೆಯ ಜುಲೈ 2ರಂದು, ಅಧ್ಯಕ್ಷ ಟ್ರೂಮನ್ನರು ಲೂಸ್ ಮತ್ತು ಸೆಲ್ಲರ್ ಎಂಬ ಪ್ರತಿನಿಧಿಗಳ ಮಸೂದೆಗೆ ರುಜು ಹಾಕಿದಾಗ. ವರ್ಷಕ್ಕೆ ನೂರು ಮಂದಿ ಭಾರತೀಯರು ಬರಬಹುದು, ಬಂದು ನೆಲೆಸಿದವರು ಪೌರರಾಗಬಹುದು. ನಲವತ್ತು ಕೋಟಿ ಜನರ ದೇಶಕ್ಕೆ ನೂರು! ಆದರೂ ಬಾಗಿಲ ಅಗುಳಿ ಸರಿಯಿತು. ಲೆಕ್ಕದ ಮೇಷ್ಟರಿಗೆ ಪ್ರಿಯವಾಗಬಹುದಾದ ಒಂದು ಉದಾಹರಣೆ: ಅಮೃತಸರದ ಕಡೆಯ ದಲೀಪ್ ಸಿಂಗ್ ಸೌಂದ್ ಎಂಬವರು 1920ರಲ್ಲಿ ಹೋಗಿ, ಗಣಿತಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದರೂ ತಕ್ಕ ಕೆಲಸ ಸಿಕ್ಕದೆ ಬೇಸಾಯಕ್ಕೆ ಇಳಿದರು. ಈ ಶಾಸನದ ಫಲವಾಗಿ 1949ರಲ್ಲಿ ಪೌರರಾದರು. ಮರುವರ್ಷ ಊರವರು ಅವರನ್ನು ನ್ಯಾಯಾಧೀಶರನ್ನಾಗಿ ಆರಿಸಿದರೆ, ಪೌರತ್ವ ಬಂದು ಒಂದು ವರ್ಷ ತುಂಬಿಲ್ಲವೆಂದು ಆ ಚುನಾವಣೆ ಅಸಿಂಧುವಾಯಿತು. ಆ ಸ್ಥಾನವನ್ನು 1952ರಲ್ಲಿ ಮತ್ತೆ ಗೆದ್ದು, 1956ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೇ ಆರಿಸಿಬಂದರು. 2022ರಲ್ಲಿ ಅದೇ ಸಭೆಗೆ ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರರು ಆಯ್ಕೆಯಾದುದು ವಾಚಕರಿಗೆ ನೆನಪಿರಬಹುದು.

1952ರಲ್ಲಿ ವರ್ಣದ ಷರತ್ತು ಪೂರ್ತಿಯಾಗಿ ಅಳಿಯಿತು. 1965ರ ಶಾಸನವು ದೇಶವಾರು ಹಳೆಯ ಪಾಲುಗಳನ್ನು ಕಿತ್ತುಹಾಕಿತು. ಇಷ್ಟಾದ ಮೇಲೆ ಗುರುಗಳ ಮೊದಲ ಪ್ರಶ್ನೆಗೆ ಬರಬಹುದು.

ಐದು ವರ್ಷವೆಂಬುದು ಆ ದೇಶದಲ್ಲಿ ಕಾಲಿಟ್ಟ ದಿನದಿಂದ ಎಣಿಸುವ ಐದಲ್ಲ. ವಿದ್ಯಾರ್ಥಿಯಾಗಿಯೋ, ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗದ ವೀಸಾ ಪಡೆದೋ ಇದ್ದ ವರ್ಷಗಳು, ಅವು ಎಷ್ಟೇ ಇರಲಿ, ಎಷ್ಟೇ ತೆರಿಗೆ ಕಟ್ಟಿರಲಿ, ಈ ಲೆಕ್ಕಕ್ಕೆ ಸೊನ್ನೆ. ಖಾಯಂ ನಿವಾಸದ ಹಕ್ಕುಪತ್ರ, ಜನರು ಗ್ರೀನ್ ಕಾರ್ಡು ಎನ್ನುವುದು, ಕೈಗೆ ಬಂದ ದಿನದಿಂದ ಎಣಿಕೆ ಪ್ರಾರಂಭ. ಅಮೆರಿಕದ ಪೌರರನ್ನು ಮದುವೆಯಾಗಿ ಒಟ್ಟಿಗಿರುವವರಿಗೆ ಮೂರು ವರ್ಷ ಸಾಕು. ಉಳಿದವರು ಆ ಐದು ವರ್ಷಗಳಲ್ಲಿ ಕನಿಷ್ಠಪಕ್ಷ ಮೂವತ್ತು ತಿಂಗಳು ದೇಹತಃ ಆ ನೆಲದ ಮೇಲಿರಬೇಕು. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸವು ತುಂಡಾಯಿತೆಂದು ಊಹಿಸುತ್ತಾರೆ. ಆಗ ಅದು ತುಂಡಾಗಿಲ್ಲವೆಂದು ಅರ್ಜಿದಾರನೇ ತೋರಿಸಬೇಕು. ಒಂದು ವರ್ಷ ಹೊರಗಿದ್ದರೆ ಸಾಮಾನ್ಯವಾಗಿ ತುಂಡಾದಂತೆಯೇ. ತೀರಾ ಮುಪ್ಪಾದ ತಂದೆತಾಯಿಗಳ ಬಳಿ ಎಂಟು ತಿಂಗಳು ಇದ್ದು ಹೋದ ಮಗನು ಈ ಲೆಕ್ಕದಲ್ಲಿ ನಷ್ಟ ಅನುಭವಿಸುವುದುಂಟು.

ಹಾಗಾದರೆ ಆ ಹಕ್ಕುಪತ್ರ ಬರುವುದು ಯಾವಾಗ? ತೊಡಕೆಲ್ಲ ಇಲ್ಲಿದೆ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಹಕ್ಕುಪತ್ರಗಳು, ಹೆಂಡತಿ ಮಕ್ಕಳನ್ನೂ ಸೇರಿಸಿ. ಯಾವ ಒಂದು ದೇಶಕ್ಕೂ ಶೇಕಡಾ 7ರ ಮಿತಿ ಮೀರಕೂಡದು. ನೂರನಲವತ್ತು ಕೋಟಿಗೂ ಮೇಲ್ಪಟ್ಟ ಜನರಿರುವ ಭಾರತಕ್ಕೂ, ನಮ್ಮ ಒಂದು ಜಿಲ್ಲೆಗಿಂತ ಕಿರಿದಾದ ಜನಸಂಖ್ಯೆಯ ಐಸ್‌ಲೆಂಡಿಗೂ ಮಿತಿ ಒಂದೇ. ಬೇರೆ ದೇಶದವರಿಗೆ ಬೇಡಿಕೆ ಇಲ್ಲದೆ ಉಳಿದುದರಲ್ಲಿ ನಮ್ಮವರಿಗೆ ಕೆಲವು ದೊರೆಯುವುದು ನಿಜ. ಆದರೂ ಸಾಲು ಕರಗದು. ಮೇಷ್ಟರ ಮಗನ ಪರವಾಗಿ ಅವನ ಯಜಮಾನರು ಅರ್ಜಿ ಹಾಕಿದುದು 2009ರಲ್ಲಿ. ಪತ್ರ ಬಂದುದು 2020ರಲ್ಲಿ. ಅವನ ಹಿಂದೆ ಅರ್ಜಿ ಹಾಕಿದವರ ಸಾಲು ಇದಕ್ಕಿಂತ ಉದ್ದವಾಗಿದೆ. 2004ರಿಂದ 2020: ಹದಿನಾರು. ಅಲ್ಲಿಂದ ಐದು. ಒಟ್ಟು ಇಪ್ಪತ್ತೊಂದು. ಗುರುಗಳೆ, ನಿಮ್ಮ ಲೆಕ್ಕ ತಪ್ಪಲಿಲ್ಲ. ಕೊಟ್ಟ ಪ್ರಶ್ನೆಯಲ್ಲಿಯೇ ಒಂದು ಸಾಲನ್ನು ಬಿಟ್ಟಿದ್ದರು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಶೇಕಡಾ 7ರ ಲೆಕ್ಕವನ್ನು ಅರ್ಜಿದಾರನು ಯಾವ ದೇಶದ ಪೌರನೆಂದು ನೋಡಿ ಹಾಕುವುದಿಲ್ಲ, ಯಾವ ದೇಶದಲ್ಲಿ ಹುಟ್ಟಿದನೆಂದು ನೋಡಿ ಹಾಕುತ್ತಾರೆ. ಹಾಸನದಲ್ಲಿ ಹುಟ್ಟಿದವನು ಕೆನಡಾದ ಪೌರನಾಗಿ ಬಂದರೂ ನಿಲ್ಲಬೇಕಾದುದು ಭಾರತದ ಸಾಲಿನಲ್ಲಿಯೇ. ಹೆಂಡತಿಯು ಬೇರೆ ದೇಶದಲ್ಲಿ ಹುಟ್ಟಿದವಳಾದರೆ ಅವಳ ಸಾಲಿಗೆ ಸೇರಬಹುದು, ಅಷ್ಟೆ. 1923ರಲ್ಲಿ ರಕ್ತವನ್ನು ಕೇಳಿದರು, ಈಗ ಹೆರಿಗೆಮನೆಯ ವಿಳಾಸವನ್ನು ಕೇಳುತ್ತಾರೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಅಂದು ಬಾಗಿಲು ಮುಚ್ಚಿತ್ತು; ಇಂದು ತೆರೆದಿದೆ, ಸಾಲು ಉದ್ದವಿದೆ. ಆದರೆ ಮನುಷ್ಯನು ಬದಲಾಯಿಸಿಕೊಳ್ಳಲಾರದ ಸಂಗತಿಯೊಂದನ್ನು ಹಿಡಿದು ಅವನ ಯೋಗ್ಯತೆಯನ್ನು ತೂಗುವ ಅಭ್ಯಾಸವು ಆ ಮಹಾರಾಷ್ಟ್ರವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲವೆಂದು ಹೇಳದೆ ಇರಲಾರೆವು.

ಈ ಹದಿನಾರು ವರ್ಷ ಸಾಲಿನಲ್ಲಿ ನಿಲ್ಲುವುದೆಂದರೇನು? ಯಜಮಾನನು ಕೆಲಸದಿಂದ ತೆಗೆದರೆ ಅರುವತ್ತು ದಿನಗಳೊಳಗೆ ಬೇರೊಬ್ಬ ಯಜಮಾನನನ್ನು ಹುಡುಕಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. ಇಲ್ಲಿಂದ ಜತೆಯಲ್ಲಿ ಕರೆದೊಯ್ದ ಮಗುವಿಗೆ ಇಪ್ಪತ್ತೊಂದು ತುಂಬುವುದರೊಳಗೆ ಸಾಲು ಮುಗಿಯದಿದ್ದರೆ ಅದು ತಂದೆಯ ಅರ್ಜಿಯಿಂದ ಹೊರಬೀಳುವ ಸಂಭವವುಂಟು. ಗುರುಪತ್ನಿಯವರು 2016ರಲ್ಲಿ ತೀರಿಕೊಂಡಾಗ ಮಗನ ರಹದಾರಿಯಲ್ಲಿದ್ದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಇಲ್ಲಿಗೆ ಬಂದರೆ ಹೊಸ ಮುದ್ರೆಯಿಲ್ಲದೆ ಹಿಂತಿರುಗುವಂತಿಲ್ಲ. ಮುದ್ರೆಗೆ ದಿನ ಸಿಕ್ಕುವುದು ಯಾವಾಗಲೋ. ಯಜಮಾನನ ಅನುಮತಿ, ಕಾಗದಪತ್ರ, ಇವುಗಳನ್ನೆಲ್ಲ ಹೊಂದಿಸಿಕೊಂಡು ಅವನು ಬಂದಿಳಿದುದು ಹನ್ನೆರಡನೆಯ ದಿನ. ಕೊಳ್ಳಿ ಇಟ್ಟವನು ಅಣ್ಣನ ಮಗ. ಮೇಷ್ಟರು ಇದನ್ನು ಯಾರ ಮೇಲೂ ದೂರಾಗಿ ಹೇಳಲಿಲ್ಲ. ಪೌರತ್ವವನ್ನು ಬೇಡುವವರೆಲ್ಲ ಸುಖಕ್ಕಾಗಿಯೇ ಬೇಡುವರೆಂದು ಇಲ್ಲಿ ಕುಳಿತು ಮಾತಾಡುವವರು ಈ ಹನ್ನೆರಡು ದಿನಗಳನ್ನು ಗಮನಿಸಬೇಕು. ಪೌರನಾದವನು ಬೇಕಾದಾಗ ಹೋಗಿ ಬೇಕಾದಾಗ ಬರಬಹುದು. ಯಾರಿಗೂ ವಿವರ ಕೊಡಬೇಕಿಲ್ಲ.

ಅರ್ಜಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಹದಿನೆಂಟು ವರ್ಷ ತುಂಬಿರಬೇಕು. ಐದು ವರ್ಷ ತುಂಬುವುದಕ್ಕೆ ತೊಂಬತ್ತು ದಿನ ಮುಂಚಿತವಾಗಿಯೇ ಅರ್ಜಿ ಹಾಕಬಹುದು. 2024ನೆಯ ಏಪ್ರಿಲಿನಲ್ಲಿ ಗೊತ್ತಾದ ದರದಂತೆ ಕಾಗದದ ಅರ್ಜಿಗೆ 760 ಡಾಲರು, ಗಣಕಯಂತ್ರದ ಮೂಲಕ ಕಳುಹಿಸಿದರೆ 710. ಬೆರಳಚ್ಚು ಕೊಡಬೇಕು. ಆಮೇಲೆ ಅಧಿಕಾರಿಯ ಮುಂದೆ ಸಂದರ್ಶನ. ನಡತೆ ಒಳ್ಳೆಯದೇ, ತೆರಿಗೆ ಕಟ್ಟಿರುವೆಯಾ, ಸೆರೆ ಸಿಕ್ಕಿದ್ದುಂಟೇ, ಕಮ್ಯೂನಿಸ್ಟ್ ಪಕ್ಷದ ಸದಸ್ಯನಾಗಿದ್ದೆಯಾ ಎಂದು ಕೇಳುತ್ತಾರೆ. (ಕೊನೆಯ ಪ್ರಶ್ನೆಯನ್ನು ಕೇಳಿ ನಮ್ಮ ಅಚ್ಚುಕೂಟದ ಹಿರಿಯ ಮೊಳೆಜೋಡಣೆಗಾರರು ತಮಗಂತೂ ಆ ದೇಶ ಒದಗದೆಂದು ನಕ್ಕರು.) ಹದಿನೆಂಟರಿಂದ ಇಪ್ಪತ್ತಾರರೊಳಗೆ ಖಾಯಂ ನಿವಾಸಿಯಾಗಿದ್ದ ಗಂಡಸು ಸೈನ್ಯದ ಕರೆಯ ಪಟ್ಟಿಯಲ್ಲಿ ಹೆಸರು ಬರೆಯಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು: ವಾಹನ ನಡೆಸುವ ಪರವಾನಗಿಯ ಕಚೇರಿಯಲ್ಲಿ ಮತದಾರರ ಪಟ್ಟಿಗೆ ಸೇರುವೆಯಾ ಎಂದು ಕೇಳುವ ಚೌಕಕ್ಕೆ ಕೈತಪ್ಪಿ ಗುರುತು ಹಾಕಿ, ಪೌರನಾಗುವ ಮೊದಲೇ ಮತ ಕೊಟ್ಟವರು ಪೌರತ್ವವನ್ನು ಮಾತ್ರವಲ್ಲದೆ ನಿವಾಸದ ಹಕ್ಕನ್ನೂ ಕಳೆದುಕೊಳ್ಳುವ ಅಪಾಯವಿದೆ.

ಪರೀಕ್ಷೆಯೂ ಉಂಟು. ಇಂಗ್ಲಿಷಿನಲ್ಲಿ ಮೂರು ವಾಕ್ಯಗಳ ಪೈಕಿ ಒಂದನ್ನಾದರೂ ಸರಿಯಾಗಿ ಓದಬೇಕು, ಒಂದನ್ನಾದರೂ ಬರೆಯಬೇಕು. ರಾಜ್ಯಾಂಗ, ಚರಿತ್ರೆಗಳ ವಿಷಯವಾಗಿ ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಕೇಳಿ, ಆರಕ್ಕೆ ಸರಿಯುತ್ತರ ಬಂದರೆ ತೇರ್ಗಡೆ ಎಂಬುದು ಇದುವರೆಗಿನ ಪದ್ಧತಿ. 2025ನೆಯ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿಯಲ್ಲಿ 128 ಪ್ರಶ್ನೆ, ಕೇಳುವುದು ಇಪ್ಪತ್ತು, ಬೇಕಾದುದು ಹನ್ನೆರಡು. ಮೇಷ್ಟರ ಮಗನು ಅದಕ್ಕೆ ಮೊದಲೇ ಅರ್ಜಿ ಹಾಕಿದ್ದರಿಂದ ಹಳೆಯ ಪರೀಕ್ಷೆಯಲ್ಲಿ ಪಾರಾದನು. ಐವತ್ತು ವಯಸ್ಸು ದಾಟಿ ಇಪ್ಪತ್ತು ವರ್ಷ ಖಾಯಂ ನಿವಾಸಿಯಾಗಿರುವವರಿಗೂ, ಐವತ್ತೈದು ದಾಟಿ ಹದಿನೈದು ವರ್ಷ ಇದ್ದವರಿಗೂ ಇಂಗ್ಲಿಷಿನಿಂದ ವಿನಾಯಿತಿ ಇದೆ. ಅವರು ದುಭಾಷಿಯ ಮೂಲಕ ತಮ್ಮ ಭಾಷೆಯಲ್ಲಿಯೇ ಉತ್ತರ ಹೇಳಬಹುದು. ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ನಮ್ಮ ಕಡೆಯ ಅಜ್ಜಿಯೊಬ್ಬರು ವಾಷಿಂಗ್ಟನ್ನನ ವಿಚಾರವನ್ನು ಅಧಿಕಾರಿಗೆ ಕನ್ನಡದಲ್ಲಿ ಹೇಳಿ ಪೌರರಾಗಬಹುದೆಂದಾಯಿತು. ಇದನ್ನು ಓದಿ ನಮಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಕೊನೆಯದು ಪ್ರಮಾಣವಚನ. ತಾನು ಇದುವರೆಗೆ ಯಾವ ಪರರಾಜನಿಗೆ, ಪರರಾಷ್ಟ್ರಕ್ಕೆ ಪ್ರಜೆಯಾಗಿದ್ದನೋ ಅದರ ಮೇಲಿನ ನಿಷ್ಠೆಯನ್ನು ಸಂಪೂರ್ಣವಾಗಿ ತ್ಯಜಿಸುವೆನೆಂದೂ, ಕಾನೂನು ಕರೆದಾಗ ಆ ದೇಶಕ್ಕಾಗಿ ಆಯುಧ ಹಿಡಿಯುವೆನೆಂದೂ ಕೈಯೆತ್ತಿ ಹೇಳಬೇಕು. ಧರ್ಮದ ಕಾರಣದಿಂದ ಆಯುಧ ಹಿಡಿಯಲಾರದವರಿಗೆ ಮಾತ್ರ ಅಷ್ಟು ಭಾಗ ಬಿಡಲು ಅವಕಾಶವಿದೆ. ಇದನ್ನು ಓದಿದಾಗ ನಮ್ಮ ದೇಶದ ದತ್ತಕ ವಿಧಾನವು ನೆನಪಿಗೆ ಬಂದಿತು. ದತ್ತು ಹೋದವನಿಗೆ ಜನಕ ಕುಲದ ಗೋತ್ರವಿಲ್ಲ, ಆಸ್ತಿಯಿಲ್ಲ. ಆದರೆ ನಮ್ಮ ಧರ್ಮಶಾಸ್ತ್ರಕಾರರು ಇನ್ನೊಂದು ಬಗೆಯನ್ನೂ ಕಂಡಿದ್ದರು: ದ್ವ್ಯಾಮುಷ್ಯಾಯಣನೆಂಬ ಮಗನು ಎರಡು ಮನೆಗೂ ಸಲ್ಲುವನು, ಇಬ್ಬರು ತಂದೆಯರಿಗೂ ಪಿಂಡವಿಡುವನು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಇವನನ್ನು ಅಂಗೀಕರಿಸಿದ್ದಾನೆ. ಅಮೆರಿಕದವರು ಬಾಯಲ್ಲಿ ತ್ಯಾಗವನ್ನು ಹೇಳಿಸಿದರೂ, ಇನ್ನೊಂದು ದೇಶವು ತನ್ನ ಪೌರತ್ವವನ್ನು ಉಳಿಸಿಕೊಟ್ಟರೆ ಕಿತ್ತುಕೊಳ್ಳಲು ಹೋಗುವುದಿಲ್ಲ. ಇಂಗ್ಲೆಂಡು, ಕೆನಡಾ ದೇಶದವರು ದ್ವ್ಯಾಮುಷ್ಯಾಯಣರಾಗಿಯೇ ಇರುತ್ತಾರೆ. ಕಟ್ಟುನಿಟ್ಟಾಗಿರುವುದು ನಮ್ಮ ಶಾಸನ. 1955ನೆಯ ಪೌರತ್ವ ಶಾಸನದ 9ನೆಯ ವಿಧಿಯಂತೆ, ಸ್ವೇಚ್ಛೆಯಿಂದ ಪರದೇಶದ ಪೌರತ್ವ ಪಡೆದ ಆ ಕ್ಷಣದಲ್ಲಿಯೇ ಭಾರತದ ಪೌರತ್ವ ತಾನಾಗಿ ಬಿದ್ದುಹೋಗುತ್ತದೆ. ಯಾರೂ ಆಜ್ಞೆ ಮಾಡಬೇಕಿಲ್ಲ. ಹೀಗೆ ಭಾರತದ ಪೌರತ್ವವನ್ನು ಬಿಟ್ಟವರು, ಎಲ್ಲ ದೇಶಗಳಿಗೆ ಹೋದವರೂ ಸೇರಿ, 2022ರಲ್ಲಿ 2,25,620, 2023ರಲ್ಲಿ 2,16,219, 2024ರಲ್ಲಿ 2,06,378 ಎಂದು ನಮ್ಮ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ಪ್ರಮಾಣವಾದ ಮೇಲೆ ಭಾರತದ ರಹದಾರಿಯನ್ನು ನಮ್ಮ ರಾಯಭಾರ ಕಚೇರಿಗೆ ಒಪ್ಪಿಸಬೇಕು. ಅದನ್ನು ಇಟ್ಟುಕೊಂಡು ಪ್ರಯಾಣ ಮಾಡುವುದು ಅಪರಾಧ. ಅವರು ರದ್ದಿನ ಮುದ್ರೆ ಒತ್ತಿ, ಒಪ್ಪಿಸಿದುದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಅನಂತರ ಸಾಗರೋತ್ತರ ಭಾರತೀಯ ಪೌರನೆಂಬ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಜೀವಮಾನವಿಡೀ ಬಂದುಹೋಗುವ ಅನುಮತಿ. ಹೆಸರಿನಲ್ಲಿ ಪೌರನೆಂದಿದ್ದರೂ ಪೌರತ್ವವಲ್ಲ. ಮತ ಕೊಡುವಂತಿಲ್ಲ, ಶಾಸನಸಭೆಗೆ ನಿಲ್ಲುವಂತಿಲ್ಲ, ಸರ್ಕಾರಿ ಚಾಕರಿ ಸಾಮಾನ್ಯವಾಗಿ ಇಲ್ಲ. 2021ರ ಪ್ರಕಟಣೆಯ ಮೇರೆಗೆ ಪತ್ರಿಕಾವ್ಯವಸಾಯಕ್ಕೂ ಸಂಶೋಧನೆಗೂ ಪ್ರತ್ಯೇಕ ಅಪ್ಪಣೆ ಬೇಕು. ಇಲ್ಲದ ವಸ್ತುವಿಗೆ ಇರುವ ವಸ್ತುವಿನ ಹೆಸರಿಡುವುದು ಸರ್ಕಾರಕ್ಕೆ ಶೋಭಿಸುವ ಕೆಲಸವಲ್ಲ. ದ್ವಿಪೌರತ್ವ ಬೇಡವೆಂಬ ನೀತಿಯನ್ನು ನಾವು ವಿರೋಧಿಸುವುದಿಲ್ಲ. ಒಂದು ದೇಶದ ಸುಖದುಃಖದಲ್ಲಿ ನಿತ್ಯ ಬೀಳುವವನ ಕೈಯಲ್ಲಿ ಅದರ ಮತವಿರಬೇಕು. ಏಳು ಸಮುದ್ರದಾಚೆ ಕುಳಿತವನ ಮತಕ್ಕೆ ತೂಕ ಕೊಟ್ಟರೆ ಇಲ್ಲಿ ಬಿಸಿಲಲ್ಲಿ ನಿಲ್ಲುವವನ ಮತ ಹಗುರವಾದೀತು. ಆದರೆ ಅದನ್ನು ನೇರವಾಗಿ ಹೇಳಬೇಕು.

ಇನ್ನು ಗದ್ದೆಯ ಪ್ರಶ್ನೆ. ಈ ಕಾರ್ಡನ್ನು ಹಿಡಿದವನು ಬೇಸಾಯದ ನೆಲವನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ತಂದೆಯು ಬದುಕಿರುವಾಗ ದಾನಪತ್ರ ಬರೆದುಕೊಟ್ಟರೂ ಸಲ್ಲದು. ಆದರೆ ವಾರಸಾಗಿ ಬಂದರೆ ಸಲ್ಲುತ್ತದೆ. ಆದುದರಿಂದ ಗುರುಗಳು ದಾನಪತ್ರದ ಯೋಚನೆಯನ್ನು ಬಿಟ್ಟು ಉಯಿಲು ಬರೆದಿಡುವುದು ಮೇಲು. ಜನರಲ್ಲಿ ಹರಡಿರುವ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು: ಈ ನಿರ್ಬಂಧವು ಪೌರತ್ವ ಬಿಟ್ಟುದರಿಂದ ಹೊಸದಾಗಿ ಬಂದುದಲ್ಲ. ಭಾರತದ ಪೌರನಾಗಿಯೇ ಉಳಿದು ಪರದೇಶದಲ್ಲಿ ನೆಲೆಸಿದವನಿಗೂ ವಿದೇಶೀ ವಿನಿಮಯದ ನಿಯಮಗಳು ಇದನ್ನೇ ಹೇಳುತ್ತವೆ. ಗದ್ದೆಯ ಮಟ್ಟಿಗೆ ಮಗನು ಇಷ್ಟು ವರ್ಷ ಹೇಗಿದ್ದನೋ ಹಾಗೆಯೇ ಇರುವನು.

ಪರರ ಬಾಗಿಲಿನ ವಿಚಾರ ಇಷ್ಟು ಹೇಳಿದ ಮೇಲೆ ನಮ್ಮ ಬಾಗಿಲನ್ನೂ ನೋಡಿಕೊಳ್ಳಬೇಕಲ್ಲವೆ? ಭಾರತದಲ್ಲಿ ಕ್ರಮಬದ್ಧವಾಗಿ ವಾಸಿಸುವ ಪರದೇಶೀಯನು ಪೌರನಾಗಬೇಕಾದರೆ, ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಎಡೆಬಿಡದೆ ಇಲ್ಲಿರಬೇಕು. ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಇದ್ದಿರಬೇಕು. ಮೂರು ನೆರೆದೇಶಗಳಿಂದ ಬಂದ ಕೆಲವು ಮತದವರಿಗೆ 2019ರ ತಿದ್ದುಪಡಿಯು ಹನ್ನೊಂದನ್ನು ಐದಕ್ಕೆ ಇಳಿಸಿದೆ. ರಾಜ್ಯಾಂಗದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ಒಂದು ಬಲ್ಲವನಾಗಿರಬೇಕು. ಹಿಂದಿಯೇ ಆಗಬೇಕೆಂದಿಲ್ಲ, ಕನ್ನಡ ಬಂದರೆ ಸಾಕು! ಕನ್ನಡದ ಬಲದಿಂದಲೇ ಒಬ್ಬನು ಭಾರತೀಯನಾಗಬಹುದೆಂಬ ಈ ಮಾತನ್ನು ನಮ್ಮ ರಾಜಧಾನಿಯಲ್ಲಿ ಹುಟ್ಟಿ ಬೆಳೆದೂ ಕನ್ನಡ ಕಲಿಯದ ಮಹನೀಯರು ಒಮ್ಮೆ ಓದಬೇಕು. ವೆರಿಯರ್ ಎಲ್ವಿನ್ನರು 1954ರಲ್ಲಿ, ವಿಜ್ಞಾನಿ ಹಾಲ್ಡೇನರು 1961ರಲ್ಲಿ ಹೀಗೆ ಬಂದು ನಮ್ಮವರಾದರು.

ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ಟಿಬೆಟ್ಟಿಗರ ಸಂಗತಿ ಇದಕ್ಕಿಂತ ಸಮೀಪದ್ದು. ಅಂದಿನ ಮೈಸೂರು ಸರ್ಕಾರವು ಕೊಟ್ಟ ಕಾಡುನೆಲದಲ್ಲಿ 1960ರಿಂದ ನೆಲೆಸಿ, ಅದನ್ನು ಉತ್ತು ಜೋಳ ಬೆಳೆದವರು. ಅವರಲ್ಲಿ 1950ನೆಯ ಜನವರಿ 26ರಿಂದ 1987ನೆಯ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರೆಂದು ಶಾಸನದ ಅಕ್ಷರ ಹೇಳುತ್ತಿದ್ದರೂ, ಕಚೇರಿಗಳು ಅವರನ್ನು ಪರದೇಶೀಯರೆಂದೇ ದಾಖಲೆ ಮಾಡುತ್ತಿದ್ದುವು. ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿಯೂ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿಯೂ ಅವರ ಹಕ್ಕನ್ನು ಎತ್ತಿಹಿಡಿಯಬೇಕಾಯಿತು. ಅಕ್ಷರವು ಕೊಟ್ಟುದನ್ನು ಗುಮಾಸ್ತನ ಮೇಜು ತಡೆಹಿಡಿಯುವುದು ಅಮೆರಿಕದಲ್ಲಿ ಮಾತ್ರವೇ ನಡೆಯುವುದೆಂದು ನಾವು ಬೀಗಬೇಕಾಗಿಲ್ಲ.

ಇಷ್ಟನ್ನೂ ಬರೆದಿಟ್ಟುಕೊಂಡು ನಿನ್ನೆ ಗುರುಗಳನ್ನು ಬರಮಾಡಿಕೊಂಡೆವು. ಮೊದಲ ಎರಡು ಉತ್ತರಗಳನ್ನು ಅವರು ತಲೆಯಾಡಿಸುತ್ತ ಕೇಳಿದರು. ಬಳಿಕ ಮೂರನೆಯದನ್ನು ಕೇಳಿದರು: "ಒಂದು ವೇಳೆ ಅವನಿಗೆ ಹಿಂದಿರುಗಿ ಬರುವ ಮನಸ್ಸಾದರೆ, ತಿರುಗಿ ನಮ್ಮ ಪ್ರಜೆಯಾಗಲು ದಾರಿ ಇದೆಯೋ?"

ಇದೆ. ಅದೇ 1955ರ ಶಾಸನದ 5ನೆಯ ವಿಧಿಯಲ್ಲಿದೆ. ಸಾಗರೋತ್ತರ ಕಾರ್ಡು ಪಡೆದು ಐದು ವರ್ಷವಾಗಿರಬೇಕು. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಾಗಿರಬೇಕು. ಅಲ್ಲಿಯ ಪೌರತ್ವವನ್ನು ಬಿಡಬೇಕು. ಅಷ್ಟಾದರೆ ನೋಂದಣಿಯ ಮೂಲಕ ಮರಳಿ ಭಾರತದ ಪೌರನಾಗಬಹುದು.

"ಇಲ್ಲಿಯೂ ಐದೇ" ಎಂದರು ಗುರುಗಳು. ಮೇಜಿನ ಮೇಲಿದ್ದ ಅಚ್ಚಿನ ಕರಡಿನ ಅಂಚಿನಲ್ಲಿ ನಮ್ಮ ಸೀಸದ ಕಡ್ಡಿಯಿಂದಲೇ ಬರೆದು ಕೂಡಿದರು. ಕಾರ್ಡು ಬರಲು ಕೆಲವು ತಿಂಗಳು. ಅದರಿಂದ ಐದು ವರ್ಷ. ಕೊನೆಯ ಒಂದು ವರ್ಷ ಇಲ್ಲಿದ್ದರೆ ಅದೂ ಐದರೊಳಗೇ ಸೇರುತ್ತದೆ. "ಆಗ ನನಗೆ ಎಂಬತ್ತೈದು" ಎಂದು ಬರೆದುದರ ಕೆಳಗೆ ಗೆರೆ ಎಳೆದರು. ರದ್ದಾದ ಹಳೆಯ ರಹದಾರಿಯನ್ನು ತಮಗೆ ಕಳುಹಿಸಿಕೊಡಲು ಮಗನಿಗೆ ಬರೆಯಬಹುದೇ ಎಂದು ಕೇಳಿದರು. ಮುಂದಿನ ಅರ್ಜಿಗಳಿಗೆ ಅದು ಬೇಕಾಗುವುದರಿಂದ ಮೂಲ ಅವನಲ್ಲಿಯೇ ಇರಲಿ, ನಕಲು ತರಿಸಿಕೊಳ್ಳಿ ಎಂದೆವು. ಆ ರಾತ್ರಿ ಕಾಲುವೆಯ ನೀರಿನ ಸರದಿ ಅವರ ಗದ್ದೆಯದಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಕೈಚೀಲವನ್ನು ತೆಗೆದುಕೊಂಡು ಎದ್ದರು.